ಬೆಂಗಳೂರಿನ ಗೊಬ್ಬರದ ಗಡಿಗೆ, ರಾಯಚೂರಿನ ಬಿಸಿಲು: ಐದು ಜನರ ಮನೆಯೊಂದರ ಕಸದ ಲೆಕ್ಕ

ಪ್ರಕರಣ ಇಷ್ಟು. ರಾಯಚೂರು ನಗರದ ಒಂದು ಬಡಾವಣೆ, ಮೊದಲ ಮಹಡಿಯ ಬಾಡಿಗೆ ಮನೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಅಂಗಳವಿಲ್ಲ, ಕಾಲಿಗೆ ತಾಗುವಷ್ಟು ಮಣ್ಣೂ ಇಲ್ಲ. ಇರುವುದು ಉತ್ತರಕ್ಕೆ ತೆರೆದ ನಾಲ್ಕಡಿ ಅಗಲದ ಬಾಲ್ಕನಿ, ಮಾಳಿಗೆಯ ಮೇಲೆ ಮಾಲೀಕರು ಬಿಟ್ಟುಕೊಟ್ಟ ಒಂದು ಮೂಲೆ. ಜನವರಿಯಲ್ಲಿ ಮೂರು ಮಣ್ಣಿನ ಗಡಿಗೆ ತಂದು ಅಡುಗೆಮನೆ ಕಸದಿಂದ ಗೊಬ್ಬರ ಮಾಡಲು ಶುರುಮಾಡಿದರು. ಮಾರ್ಚ್‌ವರೆಗೆ ಎಲ್ಲ ಸರಿ. ಏಪ್ರಿಲ್ ಕೊನೆಗೆ ಗಡಿಗೆ ತೆರೆದರೆ ಮೂರು ವಾರದ ಹಿಂದೆ ಹಾಕಿದ ಉಳ್ಳಾಗಡ್ಡಿ ಸಿಪ್ಪೆ ಹಾಕಿದ ಹಾಗೇ ಇದೆ, ಪುಂಡಿಪಲ್ಯದ ಕಡ್ಡಿ ಒಣಗಿ ಕಟ್ಟಿಗೆಯಾಗಿದೆ, ನಡುವೆ ಇರುವೆ ಗೂಡು ಕಟ್ಟಿದೆ. ನಾತವಿಲ್ಲ, ಹುಳವಿಲ್ಲ, ಗೊಬ್ಬರವೂ ಇಲ್ಲ.

ಮನೆಯವರು ಓದಿಕೊಂಡಿದ್ದ ಸೂಚನೆಗಳೆಲ್ಲ ನಾತ ಬಂದರೆ ಏನು ಮಾಡಬೇಕು, ನೀರು ಸೋರಿದರೆ ಏನು ಮಾಡಬೇಕು ಎಂಬುದರ ಬಗ್ಗೆ. ಅವು ಬೆಂಗಳೂರಿನ ಹವೆಗೆ ಬರೆದವು. ಅಲ್ಲಿ ತೊಂದರೆ ಹೆಚ್ಚಾದ ತೇವದ್ದು. ಇಲ್ಲಿ ಮಾರ್ಚ್‌ನಿಂದ ಜೂನ್ ನಡುವಿನವರೆಗೆ ತೊಂದರೆ, ತೇವ ಸಾಲದಿರುವುದು. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಏಪ್ರಿಲ್-ಮೇನಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರಿದು. ಹಾಗಾಗಿ ಈ ಮನೆಯ ಕಸದ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ನೀರಿನ ಲೆಕ್ಕವಾಗಿ ನೋಡಬೇಕಾಗುತ್ತದೆ. ಕೆಳಗಿನ ತೂಕಗಳು ಸಮೀಕ್ಷೆಯ ಸರಾಸರಿಗಳಲ್ಲ, ಇಂಥ ಒಂದು ಮನೆಗೆ ಹೊಂದುವ ಕೆಲಸದ ಅಂಕಿಗಳು. ನಿಮ್ಮ ಮನೆಯ ತಕ್ಕಡಿ ಬೇರೆ ಹೇಳಿದರೆ ತಕ್ಕಡಿಯನ್ನೇ ನಂಬಿ.

ಬುಟ್ಟಿಯಲ್ಲಿ ಏನಿದೆ

ಕೊಕ್ಕೆಗೆ ತೂಗುಹಾಕುವ ಸಣ್ಣ ತಕ್ಕಡಿ ಸಾಕು. ಒಂದು ವಾರ, ದಿನವೂ ರಾತ್ರಿ, ಹಸಿ ಕಸ, ಒಣ ಕಸ, ಉಳಿದದ್ದು ಎಂದು ಮೂರು ತೂಕ. 2016ರ ಘನತ್ಯಾಜ್ಯ ನಿಯಮಗಳೂ ಮನೆಯಲ್ಲೇ ಮೂರು ಪಾಲು ಮಾಡಲು ಹೇಳಿದ್ದವು. ಆದರೆ ತೂಕ ಹಾಕದೆ ಬರೀ ಪಾಲು ಮಾಡಿದರೆ ಎಲ್ಲಿಂದ ಕಡಿಮೆ ಮಾಡಬೇಕೆಂಬುದು ತಿಳಿಯದು.

ಈ ಮನೆಯಲ್ಲಿ ಹಸಿ ಕಸ ದಿನಕ್ಕೆ 1.2 ಕೆ.ಜಿ. ಅದರಲ್ಲಿ ಸಿಪ್ಪೆ, ತೊಟ್ಟು, ಸೊಪ್ಪಿನ ಕಡ್ಡಿ 800 ಗ್ರಾಂ; ಚಹಾ ಚರಟ 100 ಗ್ರಾಂ; ಉಳಿದ ಅನ್ನ, ಸಾರು, ಪಲ್ಯ 300 ಗ್ರಾಂ. ಕಲ್ಲಂಗಡಿ ಕಾಲದಲ್ಲಿ ಒಟ್ಟು ತೂಕ 1.8 ಕೆ.ಜಿ.ಗೆ ಏರುತ್ತದೆ. ನಾಲ್ಕು ಕೆ.ಜಿ. ಹಣ್ಣು ತಂದರೆ ಒಂದು ಕೆ.ಜಿ.ಗೂ ಹೆಚ್ಚು ಸಿಪ್ಪೆಯೇ ಮನೆಗೆ ಬಂದಂತೆ. ಒಣ ಕಸ ದಿನಕ್ಕೆ 350 ಗ್ರಾಂ. ಇದಲ್ಲದೆ ಯಾರೂ ಕಸವೆಂದು ಎಣಿಸದ ಎರಡು ಇವೆ: ವರ್ಷಕ್ಕೊಮ್ಮೆ ಕಪಾಟಿನಿಂದ ಹೊರಬೀಳುವ ಹಳೆ ಬಟ್ಟೆ, ಮತ್ತು ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ದಿನವೂ ಸಿಂಕಿಗೆ ಬಿಡುವ ನೀರು.

ಗೊಬ್ಬರಕ್ಕೆ ಮೊದಲು ಆ 300 ಗ್ರಾಂ ಉಳಿದ ಅಡುಗೆ. ಗೊಬ್ಬರದ ಉತ್ಸಾಹದಲ್ಲಿ ಜನ ಇದನ್ನು ಮರೆಯುತ್ತಾರೆ. ಅನ್ನವನ್ನು ಗೊಬ್ಬರ ಮಾಡಿದರೂ ಅದು ಎಸೆದ ಅನ್ನವೇ. ರೊಟ್ಟಿಯೂ ಇರುವ ಊಟದಲ್ಲಿ ದೊಡ್ಡವರಿಗೆ ಹೊತ್ತಿಗೆ 60 ಗ್ರಾಂ ಅಕ್ಕಿ ಸಾಕು. ಐವರಿಗೆ 300 ಗ್ರಾಂ. ಬೆಂದ ಮೇಲೆ ಅದು 800–900 ಗ್ರಾಂ ಅನ್ನ. ಈ ಮನೆಯಲ್ಲಿ ಅಳೆಯುತ್ತಿದ್ದ ಲೋಟ 220 ಗ್ರಾಮಿನದು, ಹೊತ್ತಿಗೆ ಎರಡು ಲೋಟ. ದಿನವೂ ಅನ್ನ ಉಳಿಯಲು ಬೇರೆ ಕಾರಣ ಹುಡುಕಬೇಕಿಲ್ಲ. 300 ಗ್ರಾಂ ಹಿಡಿಯುವ ಬೇರೆ ಡಬ್ಬಿಯೊಂದನ್ನು ಅಕ್ಕಿ ಡ್ರಮ್ಮಿನೊಳಗೇ ಇಟ್ಟುಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಉಳಿದದ್ದನ್ನು ಮತ್ತೆ ಬಳಸುವಲ್ಲೂ ಬಿಸಿಲಿನ ಮಾತು ಬರುತ್ತದೆ. 32 ಡಿಗ್ರಿಗಿಂತ ಬಿಸಿಯಾದ ಅಡುಗೆಮನೆಯಲ್ಲಿ ಬೆಂದ ಅನ್ನವನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡಬಾರದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೆಳಗಿನ ಚಿತ್ರಾನ್ನಕ್ಕೆಂದು ರಾತ್ರಿಯ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಡುವುದು ಚಳಿಗಾಲದ ರೂಢಿ, ಮೇ ತಿಂಗಳಿಗೆ ಸಲ್ಲದು. ಅಗಲ ತಟ್ಟೆಯಲ್ಲಿ ಹರವಿ, ಆರಿದ ಕೂಡಲೇ ಫ್ರಿಜ್ಜಿಗೆ. ಸಂಡಿಗೆ ಮಾಡುವುದಾದರೆ ಹೀಗೆ ಫ್ರಿಜ್ಜಿನಲ್ಲಿಟ್ಟ ಅನ್ನವನ್ನು ಬೆಳಿಗ್ಗೆ ಅರೆದು, ಅರ್ಧ ಕೆ.ಜಿ.ಗೆ ಒಂದು ಚಮಚ ಜೀರಿಗೆ, ಒಂದೂವರೆ ಚಮಚ ಉಪ್ಪು, ಹಸಿಮೆಣಸಿನಕಾಯಿ ಸೇರಿಸಿ ಸಣ್ಣಸಣ್ಣಗೆ ಇಟ್ಟರೆ ಎರಡು ದಿನದ ಬಿಸಿಲಿಗೆ ಗರಿಗರಿ ಒಣಗುತ್ತದೆ. ಒಂಬತ್ತು ಗಂಟೆಯೊಳಗೆ ಬಿಸಿಲಿಗೆ ಬೀಳಬೇಕು; ಮಧ್ಯಾಹ್ನ ಇಟ್ಟದ್ದು ರಾತ್ರಿ ಹೊತ್ತಿಗೆ ನಡುವೆ ಹಸಿಯಾಗೇ ಉಳಿದು ಹುಳಿಯುತ್ತದೆ. ಉಳಿದ ಜೋಳದ ರೊಟ್ಟಿಯ ಚಿಂತೆ ಈ ಸೀಮೆಗೆ ಇಲ್ಲ: ಸಣ್ಣ ಉರಿಯ ಹಂಚಿನ ಮೇಲೆ ತೇವ ಪೂರ್ತಿ ಹೋಗುವವರೆಗೆ ಒತ್ತಿ ಕಾಯಿಸಿದರೆ ಕಡಕ್ ರೊಟ್ಟಿ, ವಾರಗಟ್ಟಲೆ ಇರುತ್ತದೆ. ಹೀರೆಕಾಯಿ ಸಿಪ್ಪೆ ಚಟ್ನಿ ಎಲ್ಲರ ಮನೆಯಲ್ಲೂ ಇದೆ. ಕಲ್ಲಂಗಡಿಯ ಬಿಳಿ ಭಾಗವನ್ನು ಸೋರೆಕಾಯಿಯಂತೆ ಪಲ್ಯ ಮಾಡುವುದು ಕಡಿಮೆ. ಹೊರಗಿನ ಹಸಿರು ತೊಗಟೆ ತೆಗೆದರೆ ಸಿಪ್ಪೆಯ ಅರ್ಧ ತೂಕ ಹೀಗೇ ಒಲೆ ಸೇರುತ್ತದೆ.

ಗಡಿಗೆ ಏಕೆ ಸೋತಿತು

ಕುಡಿಯುವ ನೀರು ತಂಪಾಗಲು ಗಡಿಗೆಯ ಗೋಡೆಯಿಂದ ನೀರು ಜಿನುಗಿ ಆವಿಯಾಗಬೇಕು. ಗಾಳಿ ಒಣಗಿದ್ದಷ್ಟೂ ನೀರು ತಣ್ಣಗೆ. ರಾಯಚೂರಿನಲ್ಲಿ ಗಡಿಗೆ ನೀರು ಅಷ್ಟು ರುಚಿಯಾಗಿರುವುದು ಇದರಿಂದಲೇ, ಮತ್ತು ಅದೇ ಗಡಿಗೆಯಲ್ಲಿ ಕಸ ಒಣಗಿ ಸಾಯುವುದೂ ಇದರಿಂದಲೇ. ಅಡುಗೆಮನೆ ಕಸದಲ್ಲಿ ತೂಕದ ನೂರಕ್ಕೆ 80 ಭಾಗ ನೀರು. ಕಸ ಕೊಳೆಯಲು 50ರಿಂದ 60 ಭಾಗ ತೇವ ಬೇಕು; 40ಕ್ಕೆ ಇಳಿದರೆ ಕೆಲಸ ನಿಧಾನ, 30ಕ್ಕೆ ಇಳಿದರೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಮೇಲೆ ಬಾಯಿಂದ, ಸುತ್ತ ಗೋಡೆಯಿಂದ, ಕೆಳಗೆ ಕಾದ ಸ್ಲ್ಯಾಬಿನಿಂದ ಮೂರೂ ಕಡೆ ತೇವ ಹೋಗುತ್ತಿದ್ದ ಗಡಿಗೆಯಲ್ಲಿ ಏಪ್ರಿಲ್‌ನಲ್ಲಿ ಆದದ್ದು ಒಣಗಿಸುವ ಕೆಲಸ, ಕೊಳೆಸುವ ಕೆಲಸವಲ್ಲ.

ಅದರ ಮೇಲೆ ಇನ್ನೊಂದು ತಪ್ಪು ಕೂಡಿತ್ತು. "ಒಂದು ಪಾಲು ಹಸಿ ಕಸಕ್ಕೆ ಒಂದು ಪಾಲು ಒಣ ಎಲೆ" ಎಂಬ ಸೂತ್ರವನ್ನು ಕಣ್ಣಳತೆಯಲ್ಲಿ, ತುಸು ಧಾರಾಳವಾಗಿಯೇ, ಹನ್ನೆರಡೂ ತಿಂಗಳು ಪಾಲಿಸುವುದು. ಒಣ ಎಲೆ ಎರಡು ಕೆಲಸ ಮಾಡುತ್ತದೆ. ಒಂದು, ಇಂಗಾಲ ಕೊಡುವುದು: ಅಡುಗೆಮನೆ ಕಸದ ಇಂಗಾಲ–ಸಾರಜನಕ ಅನುಪಾತ 18ರ ಸುಮಾರು, ಚೆನ್ನಾಗಿ ಕೊಳೆಯಲು 25ರಿಂದ 30 ಬೇಕು. ಒಂದು ಕೆ.ಜಿ. ಹಸಿ ಕಸಕ್ಕೆ 200 ಗ್ರಾಂ ಒಣ ಎಲೆ ಸೇರಿಸಿದರೆ ಅನುಪಾತ 27ಕ್ಕೆ ಬರುತ್ತದೆ. ಎರಡು, ಹೆಚ್ಚಿನ ನೀರು ಹೀರುವುದು: 80 ಭಾಗ ತೇವವನ್ನು 60ಕ್ಕೆ ಇಳಿಸಲು ಅದೇ ಒಂದು ಕೆ.ಜಿ.ಗೆ 400 ಗ್ರಾಂ ಒಣ ಪದಾರ್ಥ ಬೇಕು. ಅಂದರೆ ಮೊದಲ 200 ಗ್ರಾಂ ಕಸದ ಆಹಾರಕ್ಕೆ, ಮುಂದಿನ 200 ಗ್ರಾಂ ಬರೀ ನೀರು ಹೀರಲಿಕ್ಕೆ. ರಾಯಚೂರಿನ ಬೇಸಿಗೆಯಲ್ಲಿ ಈ ಎರಡನೆಯ ಕೆಲಸವನ್ನು ಬಿಸಿಲೇ ಮಾಡಿಬಿಡುತ್ತದೆ. ಆಗಲೂ 400 ಗ್ರಾಂ ಹಾಕುತ್ತ ಹೋದರೆ ಗಡಿಗೆಯಲ್ಲಿ ಉಳಿಯುವುದು ಹೊಟ್ಟು ಮಾತ್ರ.

ಆದ್ದರಿಂದ ಈ ಊರಿನ ಅಳತೆ: ಮಾರ್ಚ್‌ನಿಂದ ಜೂನ್ ನಡುವಿನವರೆಗೆ ಕೆ.ಜಿ.ಗೆ 200 ಗ್ರಾಂ. ಮಳೆ ಹಿಡಿದ ಮೇಲೆ ಅಕ್ಟೋಬರ್‌ವರೆಗೆ 400 ಗ್ರಾಂ. ಚಳಿಗಾಲದಲ್ಲಿ ನಡುವೆ ಎಲ್ಲಾದರೂ, ಮುಟ್ಟಿ ನೋಡಿಕೊಂಡು.

ಒಡೆದ ನೀರಿನ ಡ್ರಮ್ಮು

ಗಡಿಗೆಯನ್ನೇ ಬಳಸಬೇಕೆಂದಿದ್ದರೆ ಸುತ್ತ ಒದ್ದೆ ಗೋಣಿ ಕಟ್ಟಬೇಕು, ಅದನ್ನು ದಿನಕ್ಕೆರಡು ಸಲ ನೆನೆಸಬೇಕು. ಅಷ್ಟು ನೀರು ಗೋಣಿಗೆ ಹಾಕುವ ಬದಲು ಪಾತ್ರೆಯನ್ನೇ ಬದಲಿಸುವುದು ಜಾಣತನ. ನಲ್ಲಿ ನೀರು ದಿನವೂ ಬಾರದ ಊರುಗಳಲ್ಲಿ ಪ್ರತಿ ಮನೆಯಲ್ಲೂ ಪ್ಲಾಸ್ಟಿಕ್ ಡ್ರಮ್ಮುಗಳಿರುತ್ತವೆ. ಬಿಸಿಲಿಗೆ ಬಿರಿದು ಸೋರುವ ಒಂದೆರಡು ಮೂಲೆ ಸೇರಿರುತ್ತವೆ. 60 ಲೀಟರಿನ ಅಂಥ ಮೂರು ಡ್ರಮ್ಮು ಈ ಮನೆಗೆ ಸರಿ. ಒಂದು ತುಂಬುತ್ತಿರುವಾಗ ಎರಡು ಮಾಗುತ್ತಿರುತ್ತವೆ. ದಿನಕ್ಕೆ 1.2 ಕೆ.ಜಿ.ಯಂತೆ ತಿಂಗಳಿಗೆ 36 ಕೆ.ಜಿ. ಹಸಿ ಕಸ, ಅದು ದಿನದಿನಕ್ಕೂ ಕುಸಿಯುವುದರಿಂದ ಒಂದು ಡ್ರಮ್ಮು ತುಂಬಲು ಹೆಚ್ಚುಕಡಿಮೆ ಒಂದು ತಿಂಗಳು, ಮಾಗಲು ಎರಡು ತಿಂಗಳು.

ಡ್ರಮ್ಮಿನ ಬಗ್ಗೆ ಒಂದು ಎಚ್ಚರಿಕೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಕ್ಯಾನುಗಳು ಎಲ್ಲೆಂದರಲ್ಲಿ ಸಿಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಅವುಗಳಲ್ಲಿ ನೀರಷ್ಟೇ ಅಲ್ಲ, ಗೊಬ್ಬರವೂ ಬೇಡ, ಪೊರಕೆ ನಿಲ್ಲಿಸುವುದೂ ಬೇಡ. ಪ್ಲಾಸ್ಟಿಕ್ಕು ಔಷಧಿಯನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಇಂಥ ಕ್ಯಾನನ್ನು ಮೂರು ಸಲ ಕಲಕಿ ತೊಳೆದು, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿದು, ತಳಕ್ಕೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡುವುದೇ ಸರಿ.

ತೂತುಗಳು: ತಳದಲ್ಲಿ 8 ಮಿಲಿಮೀಟರಿನ ಎಂಟು. ಪಕ್ಕದಲ್ಲಿ ತಳದಿಂದ ಅರ್ಧ ಅಡಿ ಬಿಟ್ಟು, ಅರ್ಧ ಅಡಿಗೊಂದರಂತೆ ಸುತ್ತ, ಮೂರು ಸಾಲು. ಕಾಯಿಸಿದ ಸರಳಿನಿಂದ ಮಾಡುವುದಕ್ಕಿಂತ ಡ್ರಿಲ್ಲಿನಿಂದ ಮಾಡಿದರೆ ಅಂಚು ಸ್ವಚ್ಛವಾಗಿ ಬರುತ್ತದೆ, ಹೊಗೆ ಕುಡಿಯುವುದೂ ತಪ್ಪುತ್ತದೆ. ಬೇಸಿಗೆಯಲ್ಲಿ ಮೇಲಿನ ಸಾಲೊಂದನ್ನು ಬಿಟ್ಟು ಉಳಿದೆರಡಕ್ಕೆ ಟೇಪು ಅಂಟಿಸಿ, ಮಳೆಗಾಲದಲ್ಲಿ ಕೀಳಬೇಕು. ಗಾಳಿ ಬೇಕು ನಿಜ, ಆದರೆ ಮೇ ತಿಂಗಳ ಗಾಳಿ ಹೊರಟರೆ ನೀರನ್ನೂ ಜೊತೆಗೆ ಒಯ್ಯುತ್ತದೆ. ಮುಚ್ಚಳದ ಕೆಳಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ನೊಣ ಒಳಗೆ ಹೋಗದು. ತಳಕ್ಕೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು ಅಥವಾ ಬೆರಳುದ್ದಕ್ಕೆ ಮುರಿದ ತೊಗರಿ ಕಟ್ಟಿಗೆ. ಡ್ರಮ್ಮು ಸ್ಲ್ಯಾಬಿಗೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಕೂರಬೇಕು, ಕೆಳಗೊಂದು ಹಳೆ ತಟ್ಟೆ.

ಜಾಗದ ವಿಷಯದಲ್ಲಿ ಉತ್ತರದ ಬಾಲ್ಕನಿ ಎಂದರೆ ನೆರಳು ಎಂದು ಎಲ್ಲರೂ ಭಾವಿಸುತ್ತಾರೆ. ಚಳಿಗಾಲಕ್ಕೆ ಸರಿ. ರಾಯಚೂರು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಅತಿ ಹೆಚ್ಚು ಬಿಸಿಲಿನ ಮೇ ತಿಂಗಳಲ್ಲೇ ಬೆಳಗಿನ, ಸಂಜೆಯ ಬಿಸಿಲು ಉತ್ತರದ ಬಾಲ್ಕನಿಗೆ ಬೀಳುತ್ತದೆ. ಕಂಬಿಗೆ ಒಂದು ಗೋಣಿ ಪರದೆ ಕಟ್ಟುವುದು ಇದಕ್ಕೇ.

ಒಣ ಪದಾರ್ಥ ಯಾವುದು

ಬೇವು, ಹೊಂಗೆ ಎಲೆ ಉದುರಿಸುವುದು ಫೆಬ್ರವರಿ-ಮಾರ್ಚ್ ಹೊತ್ತಿಗೆ. ಆಗ ಬೀದಿ ಬದಿಯಲ್ಲಿ ಗುಡಿಸಿ ಸುಡುವ ಎಲೆಯೇ ವರ್ಷದ ಬಂಡವಾಳ. ಕೈಯಲ್ಲಿ ಹಿಸುಕಿ ಪುಡಿ ಮಾಡಿ ತುಂಬಿದರೆ 50 ಕೆ.ಜಿ. ಅಕ್ಕಿಯ ಚೀಲಕ್ಕೆ ಆರು ಕೆ.ಜಿ. ಎಲೆ ಹಿಡಿಯುತ್ತದೆ. ಈ ಮನೆಗೆ ಬೇಸಿಗೆಯಲ್ಲೇ ತಿಂಗಳಿಗೆ ಏಳು ಕೆ.ಜಿ.ಗೂ ಮೇಲೆ ಬೇಕು, ಮಳೆಗಾಲದಲ್ಲಿ ಅದರ ಎರಡರಷ್ಟು. ಅಷ್ಟು ಚೀಲ ಪೇರಿಸಿಡಲು ಮೊದಲ ಮಹಡಿಯಲ್ಲಿ ಜಾಗವಿಲ್ಲ. ಹಾಗಾಗಿ ಅರ್ಧ ಎಲೆ, ಅರ್ಧ ಬೇರೆ.

ಬೇರೆ ಎಂದಾಗ ಮೊದಲು ನೆನಪಾಗುವುದು ಉಮಿ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಿರುವ ಸೀಮೆಯಲ್ಲಿ ಉಮಿಗೆ ಬರವಿಲ್ಲ. ಭತ್ತದ ತೂಕದ ಐದರಲ್ಲಿ ಒಂದು ಪಾಲು ಉಮಿಯೇ. ಆದರೆ ಉಮಿಯನ್ನು ಒಣ ಎಲೆಯ ಬದಲಿಗೆ ಪೂರ್ತಿಯಾಗಿ ಹಾಕಿದರೆ ಮೂರು ತಿಂಗಳಾದ ಮೇಲೂ ಉಮಿ ಉಮಿಯಾಗಿಯೇ ಕಾಣುತ್ತದೆ. ಅದರ ತೂಕದ ಐದನೇ ಒಂದು ಭಾಗ ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಉಳಿದದ್ದರಲ್ಲೂ ಸುಲಭಕ್ಕೆ ಕೊಳೆಯದ ಲಿಗ್ನಿನ್ ಹೆಚ್ಚು. ಮೇಲ್ಮೈ ನುಣುಪಾದ್ದರಿಂದ ನೀರನ್ನೂ ಎಲೆಯಷ್ಟು ಹೀರದು. ಅದು ಕಸದ ನಡುವೆ ಸಂದು ಉಳಿಸಿ ಗಾಳಿ ಆಡಿಸುತ್ತದೆ, ಅಷ್ಟೇ. ಮಳೆಗಾಲದಲ್ಲಿ ಈ ಗುಣವೇ ವರ, ಬೇಸಿಗೆಯಲ್ಲಿ ಬೇಡ. 200 ಗ್ರಾಂ ಉಮಿ ಅಳೆಯಲು ಎರಡು ಲೀಟರಿನ ಡಬ್ಬಿ ಒಂದು ಸಲ. ತೌಡು ಬೇರೆ, ಉಮಿ ಬೇರೆ: ತೌಡಿನಲ್ಲಿ ಎಣ್ಣೆ, ಸಾರಜನಕ ಇದ್ದು ಬೇಗ ಹುಳಿಯುತ್ತದೆ, ಒಣ ಪದಾರ್ಥದ ಲೆಕ್ಕಕ್ಕೆ ಬರುವುದಿಲ್ಲ.

ಬೇಸಿಗೆಗೆ ಹೊಂದುವುದು ರಟ್ಟು, ದಿನಪತ್ರಿಕೆ, ಮೊಟ್ಟೆಯ ತಟ್ಟೆ. ಇವು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತವೆ. ಹೊಳೆಯುವ ಲೇಪನದ ರಟ್ಟು ಬಿಟ್ಟು, ಟೇಪು ಕಿತ್ತು, ಅಂಗೈ ಅಗಲಕ್ಕೆ ಹರಿದು, ನೀರಲ್ಲಿ ನೆನೆಸಿ ಹಿಂಡಿ ಹಾಕಬೇಕು. ಒಣಗಿದ್ದನ್ನೇ ಹಾಕಿದರೆ ಅದು ಕಸದ ನೀರನ್ನು ಎಳೆದುಕೊಳ್ಳುತ್ತದೆ. ಶೇಂಗಾ ಸಿಪ್ಪೆ ಕುಟ್ಟಿ ಹಾಕಿದರೆ ಆಗಬಹುದು, ಇಡಿಯಾಗಿ ಹಾಕಿದ್ದು ಕೊನೆಗೆ ಜರಡಿಯಲ್ಲೇ ಉಳಿಯುತ್ತದೆ. ಕೂಲರಿನ ಹಳೆ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಮುಟ್ಟಬೇಡಿ.

ದಿನದ ಕೆಲಸ

ಸಿಪ್ಪೆ, ಕಡ್ಡಿ ಎಲ್ಲ ಒಂದು ಅಂಗುಲಕ್ಕೆ ಕತ್ತರಿಸಿದ್ದಿರಬೇಕು. ಪುಂಡಿಪಲ್ಯ, ಮೆಂತ್ಯದ ಕಡ್ಡಿಗಳನ್ನು ಉದ್ದಕ್ಕೇ ಹಾಕುವುದು ಎಲ್ಲರೂ ಮಾಡುವ ಸೋಮಾರಿತನ, ಆಮೇಲೆ ಕೈ ಆಡಿಸಲೂ ಬಾರದಂತೆ ಹೆಣೆದುಕೊಳ್ಳುತ್ತವೆ. ಸಾರು, ಪಲ್ಯದ ನೀರು ಬಸಿದು, ಗಟ್ಟಿ ಮಾತ್ರ ಡ್ರಮ್ಮಿಗೆ. ಉಪ್ಪಿನಕಾಯಿ, ಕರಿದ ಎಣ್ಣೆ ಬೇಡವೇ ಬೇಡ. ಮಾವಿನ ಗೊರಟೆ ಕೊಳೆಯಲು ವರ್ಷ ಹಿಡಿಯುತ್ತದೆ, ಅದನ್ನು ಕಸದ ಗಾಡಿಗೇ ಕೊಡಿ. ಡ್ರಮ್ಮು ಶುರುಮಾಡುವ ದಿನ ಒಂದು ಕೆ.ಜಿ. ಹಸಿ ಸಗಣಿಯನ್ನು ಮೂರು ಲೀಟರ್ ನೀರಲ್ಲಿ ಕಲಸಿ ತಳದ ಪದರಕ್ಕೆ ಸುರಿದರೆ ಸಾಕು. ಪುಡಿಕೆಯಲ್ಲಿ ಮಾರುವ ಕಲ್ಚರ್ (ಕಸ ಕೊಳೆಸುವ ಸೂಕ್ಷ್ಮಾಣುಗಳ ಪುಡಿ), ಸಗಣಿ ಸಿಗುವ ಊರಲ್ಲಿ ದುಂದು.

ತೇವ ನೋಡುವುದು ಕೈಯಿಂದ. ಅರ್ಧ ಅಡಿ ಆಳದಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಹನಿಯೇ ಇಲ್ಲದೆ ಹಿಡಿ ಬಿಟ್ಟ ಕೂಡಲೇ ಉದುರಿದರೆ ನೀರು ಬೇಕು. ಮೇಲಿನ ಪದರ ನೋಡಿ ತೀರ್ಮಾನಿಸಿದರೆ ತಪ್ಪುತ್ತದೆ, ಮೇ ತಿಂಗಳಲ್ಲಿ ಮೇಲಿನ ಪದರ ಯಾವಾಗಲೂ ಒಣಗಿಯೇ ಇರುತ್ತದೆ. ನೀರು ಕೊಡುವುದು ಸಂಜೆ, ಕುರ್ಪಿಯಿಂದ ನಾಲ್ಕೈದು ಕಡೆ ಗುಳಿ ಮಾಡಿ, ಅಕ್ಕಿ ಅಥವಾ ಬೇಳೆ ತೊಳೆದ ನೀರು ಅರ್ಧ ಲೀಟರ್, ಎರಡು ದಿನಕ್ಕೊಮ್ಮೆ. ಮೇಲೆ ಚಿಮುಕಿಸಿದ್ದು ರಾತ್ರಿ ಕಳೆಯುವುದರೊಳಗೆ ಗಾಳಿಯ ಪಾಲು. ಮೇಲೊಂದು ಒದ್ದೆ ಗೋಣಿ ತುಂಡು ಹಾಸಿ ಮುಚ್ಚಳ ಹಾಕಬೇಕು.

ತಿರುವಿ ಹಾಕುವುದನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆಗೆ ಇಳಿಸಿ. ಮೂರು ದಿನಕ್ಕೊಮ್ಮೆ ತಿರುವುವ ನಿಯಮ ಮಳೆಗಾಲದ್ದು.

ಈಗಾಗಲೇ ಒಣಗಿ ನಿಂತ ಗಡಿಗೆಯನ್ನು ಉಳಿಸುವುದೂ ಕಷ್ಟವಲ್ಲ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಇರುವೆ ಬಿಟ್ಟು ಹೋಗಲು ಒಂದು ತಾಸು ನೆರಳಲ್ಲಿ ಹರವಿ, ತೊಟ್ಟಿಯಲ್ಲಿ ಮುಳುಗಿಸಿ ರಾತ್ರಿಯೆಲ್ಲ ನೆನೆಸಿ, ಬಸಿದು, ಹತ್ತು ಕೆ.ಜಿ.ಗೆ ಎರಡು ಕೆ.ಜಿ.ಯಂತೆ ಹೊಸ ಹಸಿ ಸಿಪ್ಪೆ ಮತ್ತು ಒಂದು ಹಿಡಿ ಸಗಣಿ ಬೆರೆಸಿ ಡ್ರಮ್ಮಿಗೆ ತುಂಬಬೇಕು. ಬರೀ ನೀರು ಹಾಕಿದರೆ ಸಾಲದು. ಒಣಗಿದ ಕಸದಲ್ಲಿ ಸಾರಜನಕದ ಒಂದಷ್ಟು ಪಾಲು ಅಮೋನಿಯವಾಗಿ ಹಾರಿಹೋಗಿರುತ್ತದೆ. ಕಲ್ಲಂಗಡಿ ಸಿಪ್ಪೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ: 90 ಭಾಗಕ್ಕೂ ಹೆಚ್ಚು ನೀರು, ಸರಿಯಾಗಿ ನೀರಿನ ಬರ ಇರುವ ತಿಂಗಳಲ್ಲೇ ಬರುತ್ತದೆ.

ಮಳೆಗಾಲದ ತೊಂದರೆಗಳನ್ನು ಚಿಕ್ಕದಾಗಿ ಹೇಳಬಹುದು, ಅವುಗಳ ಬಗ್ಗೆ ಬರೆದವರು ಬಹಳ. ಕಣ್ಣಿಗೆ ಹತ್ತುವ ಅಮೋನಿಯ ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ; ತಳದವರೆಗೆ ತಿರುವಿ ಉಮಿ ಬೆರೆಸಿ. ದಪ್ಪನೆಯ, ಕಂದು ಬಣ್ಣದ, ಚಪ್ಪಟೆ ಹುಳಗಳು ಕಪ್ಪು ಸೈನಿಕ ನೊಣದ ಮರಿಗಳು, ಕಸ ತಿಂದು ಉಪಕಾರವನ್ನೇ ಮಾಡುತ್ತವೆ. ಬಿಳಿ, ತೆಳ್ಳನೆಯ ಹುಳ ಮನೆನೊಣದ್ದು. ಮೇಲೆ ನಾಲ್ಕು ಬೆರಳು ಒಣ ಎಲೆ ಹಾಸಿದರೆ ನಿಲ್ಲುತ್ತದೆ. ಎರೆಹುಳದ ಗೊಬ್ಬರ ಮಾಡುತ್ತೇವೆ ಎಂದು ಮಾಳಿಗೆಯ ಮೇಲೆ ತೊಟ್ಟಿ ಇಡುವವರಿಗೆ ಒಂದು ಮಾತು: ಪೇಟೆಯಲ್ಲಿ ಸಿಗುವ ಐಸೀನಿಯಾ ಫೀಟಿಡಾ ಎರೆಹುಳ 35 ಡಿಗ್ರಿ ದಾಟಿದರೆ ಬದುಕುವುದು ಕಷ್ಟ. ನವೆಂಬರ್‌ನಲ್ಲಿ ತಂದ ಹುಳ ಏಪ್ರಿಲ್ ಕಾಣುವುದಿಲ್ಲ.

ಮೂರು ತಿಂಗಳಿಗೆ ಒಂದು ಡ್ರಮ್ಮಿನಿಂದ ಹತ್ತು ಕೆ.ಜಿ. ಆಸುಪಾಸು ಗೊಬ್ಬರ ಬರುತ್ತದೆ. ಆಗಿದೆಯೋ ಇಲ್ಲವೋ ನೋಡಲು ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎರಡು ದಿನ ಇಡಿ. ಬಿಚ್ಚಿದಾಗ ಹುಳಿ ನಾತ ಬಂದರೆ ಇನ್ನೂ ಮಾಗಬೇಕು. ಕಾಲಂಗುಲ ಜಾಲರಿಯಲ್ಲಿ ಸೋಸಿ, ಮೇಲೆ ಉಳಿದದ್ದು ಮುಂದಿನ ಡ್ರಮ್ಮಿಗೆ. ಕುಂಡಕ್ಕೆ ಎರೆಮಣ್ಣು (ಕಪ್ಪು ಮಣ್ಣು) ಒಂದೇ ತುಂಬಿದರೆ ಒಣಗಿದಾಗ ಬಿರಿದು ಬೇರು ಹರಿಯುತ್ತದೆ, ನೀರು ಹಾಕಿದಾಗ ಬಿರುಕಿನಲ್ಲೇ ಇಳಿದುಹೋಗುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಎರೆ, ಒಂದು ಪಾಲು ಗೊಬ್ಬರ: ಕರಿಬೇವು, ಬಸಳೆ, ಮೆಂತ್ಯಕ್ಕೆ ಇದು ಹೊಂದುತ್ತದೆ.

ಆರ್‌ಒ ಬಿಡುವ ನೀರು

ಐವರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 12 ಲೀಟರ್ ಶುದ್ಧ ನೀರು ಎಂದಿಟ್ಟುಕೊಂಡರೆ, ನಾಲ್ಕರಲ್ಲಿ ಒಂದು ಪಾಲು ಮಾತ್ರ ಶುದ್ಧ ಮಾಡುವ ಯಂತ್ರ 36 ಲೀಟರ್ ಹೊರಗೆ ಬಿಡುತ್ತದೆ. ವರ್ಷಕ್ಕೆ 13,000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಲ್ಲಿ ಇದನ್ನು ಹಿಡಿದಿಡಬೇಕೆನ್ನಿಸುವುದು ಸಹಜ, ಮತ್ತು ನೀರಿಗಾಗಿ ಬಾಯಿಬಿಡುತ್ತಿರುವ ಗೊಬ್ಬರದ ಡ್ರಮ್ಮು ಪಕ್ಕದಲ್ಲೇ ಇದೆ. ಈ ಮನೆಯಲ್ಲಿ ಆದದ್ದೂ ಅದೇ.

ಅದು ತಪ್ಪು. ಕೊಳವೆಬಾವಿಯ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿದ ಉಪ್ಪು, ಮಿಲಿಗ್ರಾಂ ಲೆಕ್ಕದಲ್ಲಿ) 900 ಇದ್ದು ಶುದ್ಧ ನೀರಿನದು 60 ಆದರೆ, ಉಳಿದ ಉಪ್ಪೆಲ್ಲ 36 ಲೀಟರಿನಲ್ಲಿ ಸೇರಿ ಟಿಡಿಎಸ್ 1,180 ಆಗುತ್ತದೆ. ಗೊಬ್ಬರದಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ದಿನಕ್ಕೆ ಕಾಲು ಲೀಟರಿನಂತೆ ಮೂರು ತಿಂಗಳು ಹಾಕಿದರೆ ಡ್ರಮ್ಮಿನಲ್ಲಿ 26 ಗ್ರಾಂ ಉಪ್ಪು ಕೂಡಿರುತ್ತದೆ, ಹತ್ತು ಕೆ.ಜಿ. ಗೊಬ್ಬರಕ್ಕೆ ಅದು ಸಣ್ಣದಲ್ಲ, ಎಳೆ ಸಸಿಯ ಎಲೆಯಂಚು ಸುಡಲು ಸಾಕು. ಕುಂಡದ ಗಿಡಕ್ಕೂ ಇದೇ ಕಾರಣಕ್ಕೆ ಬೇಡ. ಕೂಲರಿಗೆ ಹಾಕಿದರೆ ಪ್ಯಾಡು ಬೇಗ ಕಲ್ಲಾಗುತ್ತದೆ. ಕೊಳವೆಬಾವಿಯಲ್ಲಿ ಫ್ಲೋರೈಡ್ ಇದ್ದರೆ ಅದೂ ಮೂರನೇ ಒಂದು ಪಾಲಿನಷ್ಟು ಹೆಚ್ಚಾಗಿರುವುದರಿಂದ ದನಕರುಗಳಿಗೆ, ಹಕ್ಕಿಗಳ ತಟ್ಟೆಗೆ ಇಡುವುದೂ ಸರಿಯಲ್ಲ.

ಹಾಗಾದರೆ ಎಲ್ಲಿಗೆ? ಪಾಯಖಾನೆಗೆ. ಒಂದು ಬಕೆಟ್ ನೆಲ ಒರೆಸಲು, ಉಳಿದದ್ದೆಲ್ಲ ಪಾಯಖಾನೆಗೆ. ಐವರ ಮನೆಯಲ್ಲಿ 36 ಲೀಟರ್ ಅಲ್ಲಿಯೇ ಖರ್ಚಾಗುತ್ತದೆ, ಅಷ್ಟೇ ಒಳ್ಳೆಯ ನೀರು ಉಳಿಯುತ್ತದೆ. ಪಾತ್ರೆಯ ಮೊದಲ ಜಾಲಾಟಕ್ಕೂ ಆಗಬಹುದು, ಕೊನೆಯ ಜಾಲಾಟಕ್ಕೆ ಬಳಸಿದರೆ ಸ್ಟೀಲಿನ ಮೇಲೆ ಬಿಳಿ ಕಲೆ. ಪೈಪನ್ನು ಬಕೆಟ್ಟಿಗೆ ಇಳಿಸುವಾಗ ತುದಿ ನೀರಲ್ಲಿ ಮುಳುಗದಂತೆ, ಮಡಚದಂತೆ ನೋಡಿಕೊಳ್ಳಿ. ಮಡಚಿದರೆ ಒತ್ತಡ ಹೆಚ್ಚಾಗಿ ಮೆಂಬ್ರೇನು (ನೀರು ಸೋಸುವ ಪೊರೆ) ಹಾಳಾಗುತ್ತದೆ. ಅದಕ್ಕೂ ಮೊದಲಿನ ಪ್ರಶ್ನೆ, ಆರ್‌ಒ ಬೇಕೇ ಎಂಬುದು. ಮನೆಗೆ ಬರುವುದು ಕೃಷ್ಣಾ ಅಥವಾ ತುಂಗಭದ್ರೆಯ ಶುದ್ಧೀಕರಿಸಿದ ನೀರಾಗಿದ್ದು, ಟಿಡಿಎಸ್ 500ರೊಳಗಿದ್ದು, ಪ್ರಯೋಗಾಲಯದ ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮಿತಿಯೊಳಗಿದ್ದರೆ ಯುವಿ (ಅತಿನೇರಳೆ ಕಿರಣದ) ಶುದ್ಧೀಕರಣವೇ ಸಾಕಾಗುತ್ತದೆ, ಅದು ನೀರು ಚೆಲ್ಲುವುದಿಲ್ಲ. ವರದಿ ನೋಡದೆ ಮಾತ್ರ ಕಿತ್ತುಹಾಕಬೇಡಿ.

ಬಟ್ಟೆ

ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಈಗಲೂ ಬರುತ್ತಾರೆ, ಆದರೆ ಅವರು ಕೇಳುವುದು ಇನ್ನೂ ಉಡಬಹುದಾದ ಬಟ್ಟೆ. ಹರಿದ ಹತ್ತಿ ಸೀರೆ, ಧೋತರ, ಪಂಜೆಗೆ ಈ ಸೀಮೆಯ ಉತ್ತರವೆಂದರೆ ಕೌದಿ, ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹಾಸು. ಒಬ್ಬರು ಮಲಗುವ ಕೌದಿ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ. ಐದೂವರೆ ಮೀಟರಿನ ಒಂದು ಸೀರೆ ಮೇಲಿನ, ಕೆಳಗಿನ ಎರಡೂ ಪದರಕ್ಕೆ ಲೆಕ್ಕದಲ್ಲಿ ಸಾಲುತ್ತದೆ, ಅಂಚು ಮಡಚಲು ಮಾತ್ರ ಹೆಚ್ಚು ಉಳಿಯದು. ಒಳಗೆ ಎರಡು ಅಥವಾ ಮೂರು ಪದರ ಜೀರ್ಣವಾದ ಬಟ್ಟೆ. ಅತಿ ಸವೆದದ್ದು ಒಳಗೆ, ಗಟ್ಟಿ ಇರುವುದು ಹೊರಗೆ. ಉಲ್ಟಾ ಮಾಡಿದರೆ ಮೂರನೇ ಒಗೆತಕ್ಕೇ ಮೇಲ್ಪದರ ಬಾಯಿಬಿಡುತ್ತದೆ. ಬಣ್ಣ ಬಿಡುವ ತುಂಡುಗಳನ್ನು ಮೊದಲೇ ಉಪ್ಪುನೀರಲ್ಲಿ ನೆನೆಸಿ ಒಗೆದು, ಬಿಡುವುದು ನಿಲ್ಲದಿದ್ದರೆ ಒಳಪದರಕ್ಕೆ. ಪದರಗಳನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ಸುತ್ತ ಉದ್ದುದ್ದ ಹೊಲಿಗೆ ಹಾಕಿ ಹಿಡಿಸಿಕೊಂಡು, ಆಮೇಲೆ ಅಂಚಿನಿಂದ ಸುತ್ತುತ್ತ ಒಳಕ್ಕೆ, ಬೆರಳಗಲಕ್ಕೊಂದು ಸಾಲು. ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟರೆ ಒಗೆದಾಗ ಒಳಗಿನ ಬಟ್ಟೆ ಗಂಟುಗಂಟಾಗಿ ಒಂದು ಕಡೆ ಸೇರುತ್ತದೆ. ಪಾಲಿಯೆಸ್ಟರ್ ಸೀರೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಮನೆಯಲ್ಲಿ ಇರುವುದೇ ಅದು. ಹೊಲಿಯುವಾಗ ಜಾರುತ್ತದೆ, ಬೆವರು ಹೀರುವುದಿಲ್ಲ. ರಾಯಚೂರಿನ ರಾತ್ರಿಗೆ ಅಂಥ ಕೌದಿ ಯಾರೂ ಹಾಸಿಕೊಳ್ಳುವುದಿಲ್ಲ. ಅವುಗಳನ್ನು ಕಿಟಕಿಯ ಬಿಸಿಲು ತಡೆಯಲು, ಕೂಲರು ಮುಚ್ಚಿಡಲು ಬಳಸಿ. ಹಳೆ ಬನಿಯನ್ನಿಗಿಂತ ಒಳ್ಳೆಯ ಒರೆಸುವ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ.

ಗಾಡಿಗೆ ಏನು ಉಳಿಯುತ್ತದೆ

ಒಣ ಕಸದಲ್ಲಿ ಹೇಳುವುದು ಕಡಿಮೆ. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಜೋತುಬಿಡಿ, ಬಿದ್ದುಹೋದ ಚೂರು ಯಾವ ಗುಜರಿಗೂ ಸೇರದು. ತೊಳೆದು, ತೂಗುಹಾಕಿ ಒಣಗಿಸಿದ ಪಾಕೀಟು, ರಟ್ಟು, ಬಾಟಲಿ, ಡಬ್ಬಿ ಗುಜರಿಗೆ. ಜಿಡ್ಡು ಹತ್ತಿದ ಒಂದು ಪಾಕೀಟು ಚೀಲದ ಉಳಿದವನ್ನೂ ಕೆಡಿಸುತ್ತದೆ. ಕುರುಕಲು ತಿಂಡಿ, ಶಾಂಪೂ, ಗುಟ್ಕಾದ ಬೆಳ್ಳಿ ಬಣ್ಣದ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್, ಲೋಹದ ಪದರ ಅಂಟಿಕೊಂಡಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಅವನ್ನು ಕಡಿಮೆ ಮಾಡುವ ದಾರಿ ಒಂದೇ, ದೊಡ್ಡ ಪ್ಯಾಕು ಕೊಳ್ಳುವುದು. ಸಣ್ಣ ಶಾಂಪೂ ಚೀಟಿಗಿಂತ ಬಾಟಲಿ ದುಬಾರಿ ಎನ್ನುವವರ ಮಾತಿನಲ್ಲೂ ನಿಜವಿದೆ, ಕೆಲವು ಸಲ ಚೀಟಿಯೇ ಅಗ್ಗ. ಅಂಗಡಿಯಲ್ಲಿ ಮಿಲಿಲೀಟರಿನ ಲೆಕ್ಕ ಹಾಕಿ ನೋಡಿಯೇ ಕೊಳ್ಳಬೇಕು.

ಹೀಗೆ ಮಾಡಿದ ಮೇಲೆ ಗಾಡಿಗೆ ಹೋಗುವುದು ದಿನಕ್ಕೆ ಒಂದೂವರೆ ಕೆ.ಜಿ.ಯ ಬದಲು ಇನ್ನೂರು ಗ್ರಾಂ ಆಸುಪಾಸು: ಬೆಳ್ಳಿ ಪೊಟ್ಟಣ, ಗೊರಟೆ, ಗುಡಿಸಿದ ಧೂಳು. ಮುಟ್ಟಿನ ಪ್ಯಾಡು, ಅಜ್ಜಿಯ ಡೈಪರು ದಿನಪತ್ರಿಕೆಯಲ್ಲಿ ಸುತ್ತಿ, ಗುರುತು ಮಾಡಿ, ಬೇರೆ ಚೀಲದಲ್ಲಿ. ಅವಧಿ ಮೀರಿದ ಮಾತ್ರೆ, ಬ್ಯಾಟರಿ, ಪಾದರಸ ಇರುವ ಸಿಎಫ್‌ಎಲ್ ದೀಪ ಇನ್ನೊಂದು ಡಬ್ಬಿಯಲ್ಲಿ, ತುಂಬಿದಾಗ. ಭಾನುವಾರದ ಮೂಳೆ, ಮೀನಿನ ಮುಳ್ಳು ಈ ಡ್ರಮ್ಮಿಗೆ ಬೇಡ. ಇಷ್ಟು ಸಣ್ಣ ರಾಶಿ ಒಳಗಿನ ರೋಗಾಣು ಸಾಯುವಷ್ಟು ಕಾಯುವುದಿಲ್ಲ, ಹೆಗ್ಗಣ ಮಾತ್ರ ತಪ್ಪದೆ ಬರುತ್ತದೆ. ಗಾಡಿ ಬರುವ ಬೆಳಿಗ್ಗೆಯವರೆಗೆ ಅವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರಿನ ಮೂಲೆಯಲ್ಲಿಟ್ಟರೆ ನಾತದ ತಂಟೆ ಇಲ್ಲ.